ಮಕ್ಕಳ ಗ್ರಾಮಸಭೆ: ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಕ್ಕಳ ಗ್ರಾಮಸಭೆ ಬರುವ ಶುಕ್ರವಾರ ಬೆಳಿಗ್ಗೆ 10.30ಕ್ಕೆ, ಹೈಸ್ಕೂಲ್ ಸಭಾಭವನದಲ್ಲಿ. ಹೈಸ್ಕೂಲ್, ಪಿಯುಸಿ ಮಕ್ಕಳನ್ನು ಕಳುಹಿಸಿ. ಶಾಲೆ ಬಿಟ್ಟವರೂ 18 ತುಂಬದಿದ್ದರೆ ಬರಬಹುದು. ಸ್ವಾಗತ ನೃತ್ಯ, ಹೂಗುಚ್ಛ ಈ ಸಲ ಬೇಡ ಮಾರಾಯ್ರೆ, ಅದರಲ್ಲೇ ಅರ್ಧ ಹೊತ್ತು ಹೋಗ್ತದೆ.

ಮಳೆಗಾಲದಲ್ಲಿ ಅಲುಗಾಡುವ ಕಾಲುಸಂಕ (ತೋಡು ದಾಟುವ ಕಿರುಸೇತುವೆ) ಎಲ್ಲಿದೆ, ಪಾಸಿನ ಮಕ್ಕಳನ್ನು ಕಂಡೂ ಬಸ್ಸು ನಿಲ್ಲಿಸದೆ ಹೋಗುವುದು ಯಾವ ಸ್ಟಾಪಿನಲ್ಲಿ, ಹುಡುಗಿಯರ ಶೌಚಾಲಯದಲ್ಲಿ ನೀರು ಬರ್ತದಾ, ಅರಿವು ಕೇಂದ್ರ (ಪಂಚಾಯತ್ ಗ್ರಂಥಾಲಯ) ಸಂಜೆ ತೆರೆದಿರಬೇಕಾ, ಇದೆಲ್ಲ ಮಕ್ಕಳೇ ಹೇಳಲಿ. ನಾವು ಬರೆದುಕೊಟ್ಟು ಓದಿಸುವುದು ಬೇಡ. ನಮ್ಮ ಕುಂದಾಪುರ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ನಡೆಸಿದ ಹಳ್ಳಿಗಳಿವೆ.

ಎದುರಿಗೆ ಹೇಳಲಾಗದ್ದನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಶಾಲೆಯ ಪೆಟ್ಟಿಗೆಗೆ ಹಾಕಲಿ, ತುರ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಿ. ಕಳೆದ ವರ್ಷದ ಬೇಡಿಕೆಗಳು ಏನಾದವು ಎಂದು ಪಿಡಿಒ ಮೊದಲು ಓದಿ ಹೇಳುತ್ತಾರೆ.