ಉಪವಿಭಾಗಾಧಿಕಾರಿಗಳೇ, ಆ್ಯಸಿಡ್ ದಾಸ್ತಾನನ್ನು ಒಮ್ಮೆ ಎಣಿಸಿ

ಮಾನ್ಯ ಉಪವಿಭಾಗಾಧಿಕಾರಿ ಹಾಗೂ ಉಪವಿಭಾಗೀಯ ದಂಡಾಧಿಕಾರಿಗಳಿಗೆ,

ತಾಲ್ಲೂಕಿನ ರಸಾಯನಶಾಸ್ತ್ರ ಉಪನ್ಯಾಸಕರು ಮತ್ತು ಪ್ರಯೋಗಾಲಯ ಸಹಾಯಕರ ನಮಸ್ಕಾರಗಳು.

ರಾಷ್ಟ್ರೀಯ ವಿಜ್ಞಾನ ದಿನದಂದು ತಾವು ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಅವರ ಭಾವಚಿತ್ರಕ್ಕೆ ಹೂ ಹಾಕಿ, ನಮ್ಮ ಹುಡುಗಿಯರು ಇವರಂತಾಗಬೇಕು ಎಂದಿರಿ. ಅದರ ಬೆನ್ನಿಗೇ, ಆ್ಯಸಿಡ್ ದಾಳಿಗಳು ನಡೆಯುತ್ತಿವೆ, ಹೆಣ್ಣುಮಕ್ಕಳು ಹುಷಾರಾಗಿರಬೇಕು, ಒಬ್ಬೊಬ್ಬರೇ ತಿರುಗಬಾರದು ಎಂದೂ ಬುದ್ಧಿ ಹೇಳಿದಿರಿ. ಚಪ್ಪಾಳೆಯೂ ಬಿತ್ತು. ಆ ಮಾತು ನಮ್ಮ ಗಂಟಲಿನಲ್ಲಿ ಇನ್ನೂ ಇಳಿದಿಲ್ಲ.

ಆ ಚಿತ್ರದಲ್ಲಿದ್ದವರು 1933ರಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಆಗಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಅಲ್ಲಿನ ನಿರ್ದೇಶಕ ಸಿ.ವಿ. ರಾಮನ್ ಸೀಟು ಕೊಡಲಿಲ್ಲ. ಪಟ್ಟು ಹಿಡಿದು ಕೂತ ಮೇಲೆ ಷರತ್ತಿನೊಂದಿಗೆ ಸೇರಿಸಿಕೊಂಡರು: ಮೊದಲ ವರ್ಷ ಬರೀ ಪರೀಕ್ಷಾರ್ಥ, ಗಂಡಸರ ಗಮನ ಕೆಡಿಸುವಂತಿಲ್ಲ. ಗಮನ ಕೆಡಿಸಿಕೊಳ್ಳಬಾರದೆಂದು ಗಂಡಸರಿಗೆ ಯಾರೂ ಷರತ್ತು ಹಾಕಲಿಲ್ಲ. ಕಮಲಾ ಅಲ್ಲಿನ ಮಾರ್ಗದರ್ಶಕ ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನು ಅಳೆದು 1936ರಲ್ಲಿ ಎಂ.ಎಸ್ಸಿ. ಪಡೆದರು, ಕೇಂಬ್ರಿಜ್‌ನಲ್ಲಿ ಜೀವಕೋಶದ ಉಸಿರಾಟಕ್ಕೆ ಬೇಕಾದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನು ಸಸ್ಯಗಳಲ್ಲೂ ಇದೆಯೆಂದು ತೋರಿಸಿ 1939ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಬಡವರ ಮಕ್ಕಳ ಪೌಷ್ಟಿಕತೆಗೆಂದು ನೀರಾ ಮೇಲೆ ವರ್ಷಗಟ್ಟಲೆ ದುಡಿದರು. ರಾಮನ್ ಪರಿಣಾಮದ ನೆನಪಿಗೆ ಆಚರಿಸುವ ದಿನ, ಕಮಲಾ ಅವರ ಚಿತ್ರದ ಕೆಳಗೆ ನಿಂತು, ಷರತ್ತನ್ನು ಮತ್ತೆ ಹುಡುಗಿಯರಿಗೇ ಹಾಕಿದಿರಿ.

2024ರ ಮಾರ್ಚ್ 4ರಂದು ದಕ್ಷಿಣ ಕನ್ನಡದ ಕಡಬದಲ್ಲಿ ಪಿಯು ವಿದ್ಯಾರ್ಥಿನಿಯರ ಮೇಲೆ ಆ್ಯಸಿಡ್ ಬಿತ್ತಲ್ಲ, ಅವರು ಒಬ್ಬೊಬ್ಬರೇ ತಿರುಗುತ್ತಿರಲಿಲ್ಲ. ಮೂವರಿದ್ದರು, ಕಾಲೇಜಿನ ಆವರಣದಲ್ಲೇ ಇದ್ದರು. ಇನ್ನೆಷ್ಟು ಹುಷಾರಾಗಿರಬೇಕಿತ್ತು?

ಆ್ಯಸಿಡ್ ಮಾರಾಟದ ಬಗ್ಗೆ 2013ರ ಜುಲೈ 18ರ ಸುಪ್ರೀಂ ಕೋರ್ಟ್ ಆದೇಶ ತಮಗೆ ಗೊತ್ತಿರದೇನಲ್ಲ. ಕೊಳ್ಳುವವರ ಗುರುತಿನ ಚೀಟಿ, ವಿಳಾಸ, ಕಾರಣ, ಪ್ರಮಾಣ ವಹಿಯಲ್ಲಿ ದಾಖಲಾಗಬೇಕು. 18 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಅಂಗಡಿಯ ದಾಸ್ತಾನನ್ನು 15 ದಿನದೊಳಗೆ ದಂಡಾಧಿಕಾರಿಗೆ, ಅಂದರೆ ತಮಗೆ, ಘೋಷಿಸಬೇಕು. ಘೋಷಿಸದ ಮಾಲು ಜಪ್ತಿ, 50,000 ರೂಪಾಯಿವರೆಗೆ ದಂಡ. ಪ್ರಯೋಗಾಲಯಗಳೂ ಬಳಕೆಯ ವಹಿ ಬರೆದು ತಮಗೇ ಸಲ್ಲಿಸಬೇಕು.

ನಾವು ಬರೆಯುತ್ತೇವೆ. 0.1 ಮೋಲಾರ್ ಹೈಡ್ರೋಕ್ಲೋರಿಕ್ ದ್ರಾವಣ ಒಂದು ಲೀಟರ್ ಮಾಡಲು ಗಾಢ ಆಮ್ಲ ಸುಮಾರು 8.5 ಮಿ.ಲೀ. ಬೇಕು, ಆ ಎಂಟೂವರೆಗೂ ತಾರೀಕು, ಬ್ಯಾಚು, ಸಹಿ ಇದೆ. ಈ ವಹಿಯ ಪ್ರತಿ ಹೊತ್ತು ತಮ್ಮ ಕಚೇರಿಗೆ ಬಂದರೆ ಟಪಾಲು ಶಾಖೆಯವರು, "ಇದು ನಮಗೆ ಬರಲ್ಲ, ಠಾಣೆಗೆ ಕೊಡಿ" ಅನ್ನುತ್ತಾರೆ. ಠಾಣೆಯಲ್ಲಿ, "ಎ.ಸಿ. ಸಾಹೇಬರಿಗೆ ಕೊಡಿ." ಮೂರನೇ ಸಲಕ್ಕೆ ಹಿಂಬರಹ ಸಿಕ್ಕಿತು: "ಸೂಕ್ತ ಪ್ರಾಧಿಕಾರಕ್ಕೆ ಸಲ್ಲಿಸುವುದು." ಆದೇಶದ ಪ್ರಕಾರ ಆ ಸೂಕ್ತ ಪ್ರಾಧಿಕಾರ ತಾವೇ, ಸ್ವಾಮಿ! ಹಿಂಬರಹದ ಕೆಳಗಿನ ಮೊಹರೂ ತಮ್ಮದೇ. ಅದಕ್ಕೆ ಫ್ರೇಮು ಹಾಕಿಸೋಣವೆಂದು ನಮ್ಮಲ್ಲೊಬ್ಬರು ಅಂದರು.

ಇತ್ತ ಸಂತೆಬೀದಿಯಲ್ಲಿ ಅದೇ ಆಮ್ಲ ಹಳೇ ನೀರಿನ ಬಾಟಲಿಯಲ್ಲಿ, ಲೇಬಲ್ಲಿಲ್ಲದೆ, "ಬಾತ್‌ರೂಮ್ ಆ್ಯಸಿಡ್" ಎಂದು ಮಾರಾಟವಾಗುತ್ತಿದೆ. ಯಾರೂ ಹೆಸರು ಕೇಳುವುದಿಲ್ಲ.

ದಾಸ್ತಾನು ಎಣಿಸಿ. ಅದಕ್ಕೆ ಸಮಿತಿ ಬೇಡ, ಕಾರ್ಯಾಗಾರ ಬೇಡ. ವಹಿ ತೋರಿಸಿ ಎಂದರೆ ಮುಖಪುಟ ಚೆಂದವಿರುವ ಪುಸ್ತಕವೊಂದು ಬರುತ್ತದೆ. ಒಳಗೆ ಕಾರಣದ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ "ಕ್ಲೀನಿಂಗ್". ಆದ್ದರಿಂದ ಮೊದಲು ಸಗಟು ಖರೀದಿಯ ಬಿಲ್ಲು ಕೇಳಿ. ಉದಾಹರಣೆಗೆ ಬಿಲ್ಲಿನಲ್ಲಿ 40 ಲೀಟರ್, ವಹಿಯಲ್ಲಿ ಮಾರಿದ್ದು 6, ಅಂಗಡಿಯಲ್ಲಿ ಉಳಿದದ್ದು 10 ಇದ್ದರೆ, 24 ಲೀಟರ್ ಹೆಸರಿಲ್ಲದವರ ಕೈಗೆ ಹೋಗಿದೆ. ಇನ್ನು ಗಾಢತೆ. "ಇದು ನೀರು ಬೆರೆಸಿದ್ದು ಸಾರ್" ಅನ್ನುತ್ತಾರೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಡಿ: ಶೇಕಡಾ 10ರ ಹೈಡ್ರೋಕ್ಲೋರಿಕ್ ಆದರೆ 1.05ರ ಆಸುಪಾಸು ನಿಲ್ಲುತ್ತದೆ, 1.16 ತೋರಿಸಿದರೆ ಅದು ಶೇಕಡಾ 32ರದ್ದು. ಮುಚ್ಚಳ ತೆಗೆದ ಕೂಡಲೇ ಬಿಳಿ ಹೊಗೆ ಎದ್ದರಂತೂ ನೀರು ಬೆರೆಸಿದ ಕಥೆ ಅಲ್ಲಿಗೇ ಮುಗಿಯಿತು. ಗಾಢ ಸಲ್ಫ್ಯೂರಿಕ್ ಇನ್ನೂ ಕೆಟ್ಟದ್ದು; ಚರ್ಮದ ನೀರನ್ನೇ ಹೀರಿ, ಆ ಕಾವಿನಲ್ಲೇ ಸುಟ್ಟು ಕರಿಕಲು ಮಾಡುತ್ತದೆ. ತರಗತಿಯಲ್ಲಿ ಸಕ್ಕರೆಯ ಮೇಲೆ ಹಾಕಿ ತೋರಿಸುತ್ತೇವೆ, ಬಿಳಿ ಸಕ್ಕರೆ ಕಪ್ಪು ಇದ್ದಿಲಾಗಿ ಉಬ್ಬಿ ಬರುತ್ತದೆ. ಆ ದಿನ ಕೊನೇ ಬೆಂಚಿನವರೂ ಮಾತಾಡುವುದಿಲ್ಲ.

ಭಾಷಣದಲ್ಲಿ ಹೇಳಲೇಬೇಕೆಂದಿದ್ದರೆ ಇದನ್ನು ಹೇಳಿ: ಮೈಮೇಲೆ ಆ್ಯಸಿಡ್ ಬಿದ್ದರೆ ಬಟ್ಟೆ ತೆಗೆದು, ಕನಿಷ್ಠ 20 ನಿಮಿಷ ಹರಿಯುವ ನೀರು ಬಿಡಬೇಕು, ಒಂದು ಕಣ್ಣಿಗೆ ಬಿದ್ದಿದ್ದರೆ ಇನ್ನೊಂದು ಕಣ್ಣಿಗೆ ಹರಿಯದಂತೆ. ಅರಿಶಿನ, ಸೋಡಾ, ಮುಲಾಮು ಹಚ್ಚಬಾರದು. ಖಾಸಗಿ ಆಸ್ಪತ್ರೆಯೂ ಮೊದಲ ಚಿಕಿತ್ಸೆಯನ್ನು ಪುಕ್ಕಟೆಯಾಗಿ ಕೊಡಲೇಬೇಕು.

ದಾಳಿ ಮಾಡಿ ಗಾಯಗೊಳಿಸಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 124ನೇ ಕಲಮಿನಡಿ ಕನಿಷ್ಠ 10 ವರ್ಷ ಶಿಕ್ಷೆಯಿದೆ, ಒಪ್ಪಿದೆವು. ಅದು ಕೋಟೆ ಸೂರೆ ಹೋದ ಮೇಲಿನ ಮಾತು. ದಿಡ್ಡಿ ಬಾಗಿಲ ಬೀಗದ ಕೈ ತಮ್ಮ ಮೇಜಿನ ಮೇಲಿದೆ.

ದಾಸ್ತಾನು ಎಣಿಸಿ. ವಹಿ ಇಲ್ಲದ ಮಾಲು ಜಪ್ತಿ ಮಾಡಿ. ನಮ್ಮ ವಹಿಗೆ ಒಂದು ಸ್ವೀಕೃತಿ ಮೊಹರು ಒತ್ತಿಸಿ. ಎಣಿಸುವ ದಿನ ತಿಳಿಸಿದರೆ ಹೈಡ್ರೋಮೀಟರ್, ಕೈಗವಸು, ಅಳತೆ ಜಾಡಿ ನಾವೇ ತರುತ್ತೇವೆ; ತಾವು ಜೀಪು ತಂದರೆ ಸಾಕು.

ಇಂತಿ,
ಎಂಟೂವರೆ ಮಿಲಿಲೀಟರಿಗೂ ಲೆಕ್ಕ ಕೊಡುವವರು