ಇನ್ಮೇಲೆ ವರ್ಷಕ್ಕೆ ಎರಡೇ ಪುಸ್ತಕ, ಯಾಕೆ ಅಂತ ಹೇಳ್ತೀವಿ

ಓದುಗರೇ, ನಮಸ್ಕಾರ.

ಸುತ್ತಿ ಬಳಸಿ ಹೇಳೋಕೆ ನಮಗೆ ಬರಲ್ಲ. ಒಬ್ಬನೇ ಹೀರೋನ ಕಥೆಗಳನ್ನ ಬೇರೆ ಬೇರೆ ಕಲಾವಿದರು ಬಿಡಿಸೋ ನಮ್ಮ ಸೂಪರ್‌ಹೀರೋ ಕಾಮಿಕ್ಸ್ ಸಂಕಲನ ಮುಂದಿನ ಸಲದಿಂದ ಮೂರು ತಿಂಗಳಿಗೊಮ್ಮೆ ಬರಲ್ಲ, ವರ್ಷಕ್ಕೆ ಎರಡೇ ಸಲ, ಆದ್ರೆ ಡಬಲ್ ದಪ್ಪ, ಪಿನ್ ಹೊಡೆಯೋ ಬದಲು ಗಮ್ ಬೈಂಡಿಂಗ್. ಚಂದಾ ಕಟ್ಟಿದವರಿಗೆ ಬಾಕಿ ಇರೋ ಎರಡು ಸಂಚಿಕೆಗೆ ಒಂದು ಪುಸ್ತಕ ಅಂತ ಲೆಕ್ಕ, ಮೇಲೆ ಏನೂ ಕೊಡೋದು ಬೇಡ. ಕಾಯೋದು ಜಾಸ್ತಿ ಆಗುತ್ತೆ, ಅದಕ್ಕೆ ಕ್ಷಮೆ ಇರಲಿ.

"ದೊಡ್ಡ ಹೆಸರಿನ ಆರ್ಟಿಸ್ಟ್‌ಗಳಿಗೆ ಸುರೀತಾರೆ, ಆಮೇಲೆ ಖರ್ಚು ಖರ್ಚು ಅಂತಾರೆ" ಅನ್ನೋ ಮಾತು ನಮ್ಮ ಕಿವಿಗೂ ಬಿದ್ದಿದೆ. ಸ್ವಲ್ಪ ಕೇಳಿ. ನಮ್ಮಲ್ಲಿ ಯಾರೇ ಬರಲಿ, ಹೊಸಬರೋ ಹೆಸರು ಮಾಡಿದವರೋ, ಪುಟಕ್ಕೆ ಒಂದೇ ರೇಟು. ಆದ್ರೆ ಒಂದು ಪುಟ ಅಂದ್ರೆ ಸ್ಕ್ರಿಪ್ಟ್, ಪೆನ್ಸಿಲ್, ಇಂಕ್, ಕಲರ್, ಲೆಟರಿಂಗ್, ಐದು ಕೆಲಸ, ಐದೂ ಜನಕ್ಕೆ ಕೊಡಬೇಕು, ಮಾತಿನ ಗುಳ್ಳೆ ಒಳಗೆ ಅಕ್ಷರ ಕೂರಿಸೋರಿಗೂ. ಆಮೇಲೆ ಪ್ರೆಸ್ಸು. ಕಲರ್ ಅಂದ್ರೆ ನಾಲ್ಕು ಬಣ್ಣಕ್ಕೆ ನಾಲ್ಕು ಅಚ್ಚಿನ ಪ್ಲೇಟು, ನೂರು ಕಾಪಿ ಹೊಡೆದ್ರೂ ಹತ್ತು ಸಾವಿರ ಹೊಡೆದ್ರೂ ಆ ಪ್ಲೇಟಿನ ಖರ್ಚು ಅಷ್ಟೇ, ನಮ್ಮಂಥ ಸಣ್ಣವರಿಗೆ ಅದು ಒಂದೊಂದು ಕಾಪಿ ಮೇಲೂ ಕೂರುತ್ತೆ. ಅತಿಥಿ ಕಲಾವಿದರಲ್ಲಿ ಒಬ್ಬರ ಎಂಟು ಪುಟ ಲೇಟಾಯ್ತು ಅಂದ್ರೆ ಇಡೀ ಸಂಚಿಕೆ ನಿಲ್ಲುತ್ತೆ, ಪ್ರೆಸ್ಸಿನ ಡೇಟ್ ಹೋಗುತ್ತೆ. ಆ ಜಾಗಕ್ಕೆ ಪೋಸ್ಟರ್ ತುಂಬಿಸಿ ಕಳಿಸಬಹುದಿತ್ತು, ನಮಗೆ ಮನಸ್ಸು ಬರಲ್ಲ. ಅದಕ್ಕೇ ವರ್ಷಕ್ಕೆ ಎರಡೇ ಪುಸ್ತಕ.

ಇನ್ನು ಎಲ್ಲರೂ ಕೇಳೋ ಪ್ರಶ್ನೆ. "ಕಥೆಗೊಂದು ಮುಖ, ಹೀರೋ ಒಂದರಲ್ಲಿ ಪೈಲ್ವಾನ್ ಥರ, ಇನ್ನೊಂದರಲ್ಲಿ ಕಡ್ಡಿ ಥರ, ಒಬ್ಬರ ಹತ್ರನೇ ಮಾಡಿಸೋಕಾಗಲ್ವಾ?" ಮಾಡಿಸಬಹುದು, ಆದ್ರೆ ಆಗ ಅದು ಸಂಕಲನ ಆಗಲ್ಲ. ನಾವು ಅತಿಥಿಗಳಿಗೆ ಕಳಿಸೋದು ಒಂದೇ ಒಂದು ಶೀಟು: ಎದೆ ಮೇಲಿನ ಗುರುತು, ಮುಖವಾಡದ ಆಕಾರ, ಯಾರನ್ನೂ ಕೊಲ್ಲಲ್ಲ ಅನ್ನೋ ನಿಯಮ. ಉಳಿದಿದ್ದು ಅವರಿಗೆ ಬಿಟ್ಟಿದ್ದು. ಹಾಗೆ ಬಿಟ್ಟಿದ್ದಕ್ಕೇ ಹೋದ ಸಂಚಿಕೆಯ ಆ ಕಥೆ ಬಂತು, ಎಂಟೂ ಪುಟ ಹೀರೋ ನೀರಿನ ಟ್ಯಾಂಕ್ ಮೇಲೆ ಕೂತು ಹರಿದ ಕೇಪ್ ಹೊಲಿಯೋದು, ಒಂದೇ ಒಂದು ಗುದ್ದಿಲ್ಲ, ಮುಖನೂ ಇಲ್ಲ, ಬರೀ ಬೆರಳು, ಸೂಜಿ, ಗೆಣ್ಣಿನ ಮೇಲೆ ಒಣಗಿದ ರಕ್ತ. "ಇದೇನು ಟೈಲರ್ ಕಥೆನಾ" ಅಂತ ಬೈದು ಬರೆದವರೂ ಇದ್ದಾರೆ, ಇರಲಿ, ನಮಗಂತೂ ಅದು ಹೆಮ್ಮೆ. 1996ರಲ್ಲಿ ಬ್ಯಾಟ್‌ಮ್ಯಾನ್‌ಗೂ ಹೀಗೇ ಬೇರೆ ಬೇರೆ ಕಲಾವಿದರು ಎಂಟೆಂಟು ಪುಟದ ಕಪ್ಪು ಬಿಳುಪು ಕಥೆ ಮಾಡಿದ್ರು, ಒಬ್ಬರ ಬ್ಯಾಟ್‌ಮ್ಯಾನ್ ಇನ್ನೊಬ್ಬರದ್ದರ ಥರ ಇರಲಿಲ್ಲ. ಸಂಕಲನ ಅಂದ್ರೆ ಮೂಗು ಮುರಿಯೋರಿಗೆ ಇನ್ನೊಂದು ಮಾತು, 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಬಂದಿದ್ದೂ ಹತ್ತಾರು ಕಥೆಗಳ ಸಂಚಿಕೆಯಲ್ಲೇ, 13 ಪುಟ ಅಷ್ಟೇ. 1962ರಲ್ಲಿ ಸ್ಪೈಡರ್‌ಮ್ಯಾನ್‌ಗೆ ಸಿಕ್ಕಿದ್ದು 11, ಅದೂ ನಿಂತುಹೋಗ್ತಿದ್ದ ಪತ್ರಿಕೆಯ ಕೊನೇ ಸಂಚಿಕೆಯಲ್ಲಿ.

ಗಮ್ ಬೈಂಡಿಂಗ್‌ನಲ್ಲಿ ಒಂದು ತೊಂದರೆ ಇದೆ, ಮುಚ್ಚಿಡಲ್ಲ. ಎರಡು ಪುಟಕ್ಕೆ ಹರಡಿರೋ ಚಿತ್ರದ ನಡುಭಾಗ ಮಡಿಕೆ ಒಳಗೆ ಹೋಗಿಬಿಡುತ್ತೆ. ಅದಕ್ಕೆ ಹೀರೋ ಮುಖ ನಟ್ಟನಡುವೆ ಬರೀಬೇಡಿ ಅಂತ ಆರ್ಟಿಸ್ಟ್‌ಗಳಿಗೆ ಈಗಲೇ ಹೇಳಿದ್ದೀವಿ.

ವಿಳಾಸ ಬದಲಾಗಿದ್ರೆ ಪುಸ್ತಕ ಪ್ರೆಸ್ಸಿಗೆ ಹೋಗೋ ಮುಂಚೆ ತಿಳಿಸಿಬಿಡಿ, ದಪ್ಪ ಪಾರ್ಸೆಲ್ ವಾಪಸ್ ಬಂದ್ರೆ ಎರಡನೇ ಸಲದ ಕೊರಿಯರ್ ಖರ್ಚು ನಮ್ಮ ಮೇಲೇ ಬೀಳುತ್ತೆ. ಎರಡು ಸಂಚಿಕೆಗೆ ಒಂದು ಪುಸ್ತಕ ಅನ್ನೋ ಲೆಕ್ಕ ಬೇಡ, ದುಡ್ಡೇ ವಾಪಸ್ ಕೊಡಿ ಅನ್ನೋರು ಒಂದು ಸಾಲು ಬರೀರಿ ಸಾಕು, ಕಾರಣ ಕೇಳಲ್ಲ.