ನಕ್ಷತ್ರ ಮೂಡುವ ಮೊದಲೇ ಗೇಟ್ ಹಾಕಬೇಡಿ

ಮಾನ್ಯ ಶಾಸಕರೇ, ನಮಸ್ಕಾರ.

ಬೆಟ್ಟದ ಮೇಲಿನ ವೀಕ್ಷಣಾಲಯದ ಬಗ್ಗೆ ಈ ಪತ್ರ. ಕಟ್ಟಡ ಚೆನ್ನಾಗಿದೆ, ರಸ್ತೆಯೂ ಚೆನ್ನಾಗಿದೆ. ಆದರೆ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಕಾವಲುಗಾರರು ಸೀಟಿ ಊದುತ್ತಾರೆ, ಎಲ್ಲರೂ ಹೊರಗೆ! ಆಕಾಶ ನೋಡಲೆಂದು ಕಟ್ಟಿದ ಜಾಗ ಇದು, ಅಲ್ವಾ?

ಮೊನ್ನೆ ಅತ್ತೆ, ಹೆಂಡತಿ, ಮಕ್ಕಳ ಜೊತೆ ಹೋಗಿದ್ದೆ. ಜನರೆಲ್ಲ ಪಶ್ಚಿಮಕ್ಕೆ ತಿರುಗಿ ಫೋಟೊ ತೆಗೆಯುತ್ತಿದ್ದರು. ಸೂರ್ಯ ದಿಗಂತಕ್ಕೆ ತಾಗಿದಂತೆ ಕಾಣುವಾಗ ಅವನು ನಿಜಕ್ಕೂ ಕೆಳಗಿಳಿದಾಗಿರುತ್ತದೆ. ಗಾಳಿ ಬೆಳಕನ್ನು ಬಗ್ಗಿಸಿ, ಸುಮಾರು ಅರ್ಧ ಡಿಗ್ರಿ ಮೇಲಕ್ಕೆ ತೋರಿಸುತ್ತದೆ. ಮಗಳು ಇದನ್ನು ನಂಬಲೇ ಇಲ್ಲ. "ಹಾಗಾದ್ರೆ ನಾವು ನೋಡ್ತಿರೋದು ಏನು?" ಎಂದು ಜಗಳಕ್ಕೇ ನಿಂತಳು.

ಆಮೇಲೆ ಎಲ್ಲರನ್ನೂ ಪೂರ್ವಕ್ಕೆ ತಿರುಗಿಸಿದೆ. ಅಲ್ಲಿ ದಿಗಂತದಿಂದ ನೀಲಿ-ಬೂದು ಬಣ್ಣದ ಪಟ್ಟಿಯೊಂದು ಮೇಲೇರುತ್ತಿತ್ತು. ಅದರ ಮೇಲೆ ನಸುಗೆಂಪಿನ ಅಂಚು. ಆ ಪಟ್ಟಿ ಭೂಮಿಯದೇ ನೆರಳು, ವಾತಾವರಣದ ಮೇಲೆ ಬಿದ್ದದ್ದು. ಅಡ್ಡ ಏನೂ ಇಲ್ಲದ ಬೆಟ್ಟದ ತುದಿ ಇದಕ್ಕೆ ಹೇಳಿ ಮಾಡಿಸಿದ ಜಾಗ. "ಇಷ್ಟು ವರ್ಷ ಇದನ್ನು ಯಾರೂ ತೋರಿಸಲಿಲ್ಲವಲ್ಲ" ಎಂದರು ಅತ್ತೆ. ಅಷ್ಟರಲ್ಲಿ ಸೀಟಿ. ಹಿಂದೆಯೇ ಫ್ಲಡ್‌ಲೈಟು.

ಪೂರ್ತಿ ಕತ್ತಲಾಗಲು ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿಯಬೇಕು. ಉಷ್ಣವಲಯದಲ್ಲಿ ಅದಕ್ಕೆ ಸುಮಾರು ಒಂದೂಕಾಲು ಗಂಟೆ ಬೇಕು, ಧ್ರುವಗಳ ಕಡೆ ಹೋದಷ್ಟೂ ಇನ್ನೂ ಜಾಸ್ತಿ. ಚಂದ್ರನ ಕುಳಿಗಳಿಗೆ, ಶನಿಯ ಉಂಗುರಕ್ಕೆ ಅಷ್ಟು ಕತ್ತಲೂ ಬೇಡ. 1610ರಲ್ಲಿ ಗೆಲಿಲಿಯೊ ಕಂಡ ಗುರುಗ್ರಹದ ನಾಲ್ಕು ಚಂದ್ರರು ಇವತ್ತಿನ ಸಣ್ಣ ದೂರದರ್ಶಕದಲ್ಲೂ ಕಾಣುತ್ತವೆ. ಆದರೆ ಅವು ಆಕಾಶದಲ್ಲಿರುವ ಹೊತ್ತಿಗೆ ನಾವು ಅಲ್ಲಿರಬೇಕಲ್ಲ! ಕ್ಷೀರಪಥ ನೋಡಬೇಕೆಂದರಂತೂ ಕಾಯಲೇಬೇಕು.

ದೀಪಗಳದ್ದು ಇನ್ನೊಂದು ಕಥೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಬಿಳಿ ಫ್ಲಡ್‌ಲೈಟ್ ಅದನ್ನು ಕ್ಷಣದಲ್ಲಿ ಹಾಳು ಮಾಡುತ್ತದೆ. ಮೆಟ್ಟಿಲಿಗೆ ಬೆಳಕು ಬೇಕು, ಒಪ್ಪುತ್ತೇನೆ. ಮುದುಕರು, ಮಕ್ಕಳು ಬರುತ್ತಾರೆ. ಅದಕ್ಕೆ ಕಾಲಿನ ಮಟ್ಟದಲ್ಲಿ ಮಂದ ಕೆಂಪು ದೀಪ ಸಾಕು. ರಸ್ತೆ ದೀಪಗಳಿಗೆ ಮೇಲೆ ಮುಚ್ಚಳ ಹಾಕಿ, ಬೆಳಕು ಕೆಳಗೇ ಬೀಳಲಿ. ಆಕಾಶಕ್ಕೆ ಸುಮ್ನೆ ಕರೆಂಟ್ ಸುರಿಯುವುದು ಯಾಕೆ? ಅಮೆರಿಕದ ಫ್ಲ್ಯಾಗ್‌ಸ್ಟಾಫ್ ನಗರ ವೀಕ್ಷಣಾಲಯದ ಸಲುವಾಗಿ 1958ರಲ್ಲೇ ಜಾಹೀರಾತಿನ ಸರ್ಚ್‌ಲೈಟ್‌ಗಳನ್ನು ನಿಷೇಧಿಸಿತ್ತು. ಲಡಾಖ್‌ನ ಹಾನ್ಲೆಯ ಸುತ್ತ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೇ ಆಯಿತು.

ನಾನು ಕೇಳುವುದು ಇಷ್ಟೇ. ವಾರದ ಕೊನೆಯಲ್ಲಾದರೂ ಸೂರ್ಯಾಸ್ತದ ನಂತರ ಎರಡು ಗಂಟೆ ಗೇಟ್ ತೆರೆದಿರಲಿ. ದೂರದರ್ಶಕದ ಬಳಿ ವಿವರಿಸಿ ಹೇಳಬಲ್ಲವರು ಒಬ್ಬರಿರಲಿ. ಕೊನೆಯ ಬಸ್ಸು ಆಮೇಲೆ ಹೊರಡಲಿ, ಇಲ್ಲದಿದ್ದರೆ ಕಾರಿದ್ದವರಿಗೆ ಮಾತ್ರ ನಕ್ಷತ್ರ ಎಂದಾಗುತ್ತದೆ. ಹೊಸ ಕಟ್ಟಡ ಬೇಡ, ಉದ್ಘಾಟನೆಯೂ ಬೇಡ. ವೇಳಾಪಟ್ಟಿ ಬದಲಾಯಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಜೊತೆ ಮಾತಾಡಿ, ಏನು ತೀರ್ಮಾನವಾಯಿತೆಂದು ಎಲ್ಲರಿಗೂ ತಿಳಿಸಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ